ಗೇರಿಲ್ಲದ ಗಾಡಿಯೂ ಘಟ್ಟದ ಇಳಿಜಾರೂ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಕಾರು 14 ಹೇರ್‌ಪಿನ್ ತಿರುವುಗಳನ್ನು ದಾಟಬೇಕು. ಕ್ಲಚ್ಚಿನ ಗಾಡಿಯ ಸಾರಥಿಗೆ ಇಲ್ಲಿ ಎಡಗಾಲಿಗೂ ಎಡಗೈಗೂ ಬಿಡುವೆಂಬುದಿಲ್ಲ. ಸಿ.ವಿ.ಟಿ. ಗಾಡಿಯಲ್ಲಿ ಆ ಎರಡಕ್ಕೂ ನಿವೃತ್ತಿ ದೊರೆತಿದೆ. ತಲೆಗೆ ಮಾತ್ರ ದೊರೆತಿಲ್ಲ.

ಈ ಯಂತ್ರದಲ್ಲಿ ಗೇರುಗಳ ಮೆಟ್ಟಿಲಿಲ್ಲ. ಎರಡು ರಾಟೆ, ನಡುವೆ ಒಂದು ಪಟ್ಟಿ. ರಾಟೆಯ ಕೆನ್ನೆಗಳು ಕೂಡಿದರೆ ಪಟ್ಟಿ ಅಂಚಿಗೇರುತ್ತದೆ, ಅಗಲಿದರೆ ನಡುವಿಗಿಳಿಯುತ್ತದೆ. ಹೀಗೆ ಎಂಜಿನ್ನಿಗೂ ಗಾಲಿಗೂ ಇರುವ ಅನುಪಾತ ಕುಲುಕಾಟವಿಲ್ಲದೆ ಮಾರ್ಪಡುತ್ತದೆ. 1958ರಲ್ಲಿ ಇಂಥ ಕಾರನ್ನು ಪ್ರದರ್ಶಿಸಿದವರು ಹಾಲೆಂಡಿನ ಡಾಫ್ ಕಂಪನಿಯವರು. ಬೆಟ್ಟವೇ ಅಪರೂಪವಾದ ನಾಡಿನವರು! ನಮ್ಮಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರ್ ಓಡಿಸಿದವರಿಗೆ ಇದೇ ತತ್ತ್ವ ಪರಿಚಿತ.

ಏರುವಾಗ ಎಂಜಿನ್ ಮೊದಲು ಆರ್ಭಟಿಸಿ, ವೇಗ ಆಮೇಲೆ ಬರುತ್ತದೆ. ಅದು ರೋಗವಲ್ಲ, ಸ್ವಭಾವ. ಏರಿನಲ್ಲಿ ನಿಲ್ಲಬೇಕಾದಾಗ ಮಾತ್ರ ಗಾಡಿಯನ್ನು ಬ್ರೇಕಿನಿಂದಲೇ ಹಿಡಿಯಬೇಕು. ಆಕ್ಸಿಲರೇಟರ್ ಒತ್ತಿ ತಡೆದರೆ ಒಳಗಿನ ಎಣ್ಣೆ ಕಾಯುತ್ತದೆ.

ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ಸನ್ನೆ 'ಡಿ'ಯಲ್ಲಿದ್ದು ಸಾರಥಿ ಕಾಲೆತ್ತಿದರೆ, ಮಿತವ್ಯಯವನ್ನೇ ಬಯಸುವ ಯಂತ್ರ ಎಂಜಿನ್ನನ್ನು ನಿಧಾನವಾಗಿ ತಿರುಗಲು ಬಿಡುತ್ತದೆ. ಎಂಜಿನ್ನಿನ ಹಿಡಿತ ಸಡಿಲಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇಳಿಜಾರನ್ನು ತಾವೇ ಅರಿತು ಎಂಜಿನ್ನನ್ನು ಬಿಗಿಯುವ ಗಾಡಿಗಳೂ ಉಂಟು, ಎಲ್ಲವೂ ಹಾಗಲ್ಲ. ಜನರೂ ಸಾಮಾನೂ ಸೇರಿ 1200 ಕಿಲೋ ತೂಗುವ ಕಾರು 100 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಮೂರೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೇರಿಸಬಲ್ಲದು. ಗಾಳಿ ಮತ್ತು ರಸ್ತೆಯ ಪಾಲು ಕಳೆದು ಮಿಕ್ಕದ್ದನ್ನೆಲ್ಲ ಬ್ರೇಕೇ ನುಂಗಬೇಕಾದರೆ ಅದರ ಗತಿಯೇನು? ಪ್ಯಾಡುಗಳು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕಿನ ದ್ರವ ಕುದಿದರಂತೂ ಒತ್ತಿದ ಪೆಡಲು ಪ್ರತಿರೋಧವಿಲ್ಲದೆ ನೆಲ ಮುಟ್ಟುತ್ತದೆ. ಮುಂದೆ ತಿರುವು, ಅದರಾಚೆ ಕಣಿವೆ.

ಆದುದರಿಂದ ಇಳಿಜಾರು ಮೊದಲಾಗುವ ಮುನ್ನವೇ ಸನ್ನೆಯನ್ನು 'ಎಲ್' ಅಥವಾ 'ಎಸ್'ಗೆ ತರಬೇಕು. ಗಾಡಿಯಿಂದ ಗಾಡಿಗೆ ಅಕ್ಷರ ಬೇರೆಯಿರಬಹುದು. ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಬ್ರೇಕು ತಿರುವಿಗಷ್ಟೇ ಸಾಕು. ಆಗ ಏಳುವ ಗರ್ಜನೆಗೆ ಹಿಂದಿನ ಸೀಟಿನ ಹಿರಿಯರು, "ಪೆಟ್ರೋಲು ದಂಡವಾಯಿತಲ್ಲಪ್ಪ, ನ್ಯೂಟ್ರಲಿಗೆ ಹಾಕಬಾರದೆ?" ಎನ್ನುವುದುಂಟು. ಸತ್ಯ ಅದಕ್ಕೆ ವಿರುದ್ಧ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗಾಡಿಯ ಓಟವೇ ಎಂಜಿನ್ನನ್ನು ತಿರುಗಿಸುವಾಗ ಇಂಧನ ಬಹುಮಟ್ಟಿಗೆ ನಿಂತೇಹೋಗಿರುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಆರದಿರಲು ಅದು ಸುರಿಯುತ್ತಲೇ ಇರಬೇಕು.