ಹುಳುಕಡ್ಡಿಯ ಮಾತ್ರೆ ಮತ್ತು ಅಕ್ಕಿ ಡಬ್ಬಿಯ ಮಾತ್ರೆ

ಮಗನ ತಲೆಯಲ್ಲಿ ಹುಳುಕಡ್ಡಿ ಆಗಿತ್ತು. ಚರ್ಮವೈದ್ಯರು ಗ್ರಿಸಿಯೋಫಲ್ವಿನ್ ಮಾತ್ರೆ ಬರೆದುಕೊಟ್ಟಿದ್ದರು. ಸ್ವಲ್ಪ ದಿನಗಳಲ್ಲಿ ತಾಯಿಯ ಸೊಂಟದಲ್ಲೂ ಅಂಥದೇ ಉಂಗುರಾಕಾರದ ತುರಿಕೆ ಎದ್ದಿತು. ಮಗನ ಚೀಟಿಯನ್ನೇ ತೋರಿಸಿ ಮೆಡಿಕಲ್‌ನಿಂದ ಮಾತ್ರೆ ತರಿಸಿ ಆಕೆಯೂ ಒಂದೂವರೆ ತಿಂಗಳು ನುಂಗಿದರು. ನಡುವೆ ಮುಟ್ಟಿನ ದಿನಗಳಲ್ಲದಿದ್ದರೂ ರಕ್ತ ಕಾಣಿಸತೊಡಗಿತು. ಆಗ ನನ್ನ ಬಳಿ ಬಂದರು.

ನಾನು ನಾಡಿ ನೋಡಿದೆ. ಊಟ, ನಿದ್ರೆ, ಮಿಝಾಜ್ ಎಲ್ಲವನ್ನೂ ವಿಚಾರಿಸಿದೆ. ಔಷಧಿ ಕೊಟ್ಟು ಕಳಿಸಿದೆ. ಬೇರೇನಾದರೂ ಮಾತ್ರೆ ನುಂಗುತ್ತಿದ್ದೀರಾ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೂ ಆಕೆ ಹೇಳುತ್ತಿದ್ದರೋ ಇಲ್ಲವೋ, ಪಕ್ಕದ ಕುರ್ಚಿಯಲ್ಲಿ ಅತ್ತೆ ಕುಳಿತಿದ್ದರು. ಆಶಾ ಕಾರ್ಯಕರ್ತೆ ಕೊಟ್ಟ ಮಾಲಾ-ಎನ್ ಪೊಟ್ಟಣ ಅಕ್ಕಿ ಡಬ್ಬಿಯೊಳಗೆ ಇತ್ತೆಂದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ, ಆಕೆ ಗರ್ಭಿಣಿಯಾಗಿ ಬಂದಾಗ. ಗ್ರಿಸಿಯೋಫಲ್ವಿನ್ ಗರ್ಭಿಣಿಯರಿಗೆ ಕೊಡಬಾರದ ಔಷಧಿ. ಭ್ರೂಣಕ್ಕೆ ಹಾನಿಯಾಗುವ ಭಯವಿದೆ. ಸ್ಕ್ಯಾನಿಂಗ್ ವರದಿ ಬರುವವರೆಗೆ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರಿಸಿರಲಿಕ್ಕಿಲ್ಲ. ಅಲ್ಲಾಹನ ಅನುಗ್ರಹದಿಂದ ಮಗು ಆರೋಗ್ಯವಾಗಿ ಹುಟ್ಟಿತು. ಆದರೆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಸಹೋದರಿಯರೇ, ಇಲ್ಲಿ ನಡೆದದ್ದು ಇಷ್ಟೇ. ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನುಗಳನ್ನು ಕರಗಿಸಿ ಹೊರಹಾಕುವ ಕೆಲಸ ನಮ್ಮ ಜಿಗರ್‌ನದ್ದು, ಅಂದರೆ ಯಕೃತ್ತಿನದ್ದು. ಗ್ರಿಸಿಯೋಫಲ್ವಿನ್ ಅಲ್ಲಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಹಾರ್ಮೋನು ಬೇಗ ಖಾಲಿಯಾಗುತ್ತದೆ. ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರೂ ರಕ್ಷಣೆ ಅರ್ಧಂಬರ್ಧ. ನಡುವೆ ಕಂಡ ರಕ್ತ ಅದರದೇ ಸೂಚನೆ ಇದ್ದಿರಬೇಕು. ಈ ಔಷಧಿ ನುಂಗುವಷ್ಟು ದಿನ ಮತ್ತು ನಿಲ್ಲಿಸಿದ ಮೇಲೆ ಇನ್ನೂ ಒಂದು ತಿಂಗಳು ಬೇರೊಂದು ಕ್ರಮವೂ ಜೊತೆಗಿರಬೇಕು. ಗಂಡಸರಿಗೂ ಇಲ್ಲಿ ಒಂದು ಮಾತಿದೆ. ಗ್ರಿಸಿಯೋಫಲ್ವಿನ್ ನುಂಗಿದ ಗಂಡ ಔಷಧಿ ನಿಲ್ಲಿಸಿದ ಆರು ತಿಂಗಳವರೆಗೆ ಮಗುವಿನ ಯೋಚನೆ ಮಾಡಬಾರದು. ಇದನ್ನು ಕೌಂಟರ್‌ನಲ್ಲಿ ಯಾರು ಹೇಳುತ್ತಾರೆ?

ಹಾಗೆಂದು ಫಂಗಸ್‌ನ ಎಲ್ಲ ಮಾತ್ರೆಗಳೂ ಹೀಗೆಯೇ ಎಂದುಕೊಂಡರೆ ಇನ್ನೊಂದು ಎಡವಟ್ಟು. ಬಿಳಿಸೆರಗು, ಮೊಸರಿನಂಥ ಸ್ರಾವ, ತುರಿಕೆ ಎಂದು ಹೋದಾಗ ಕೊಡುವ ಫ್ಲುಕೊನಝೋಲ್ 150 ಮಿಲಿಗ್ರಾಂನ ಒಂದು ಮಾತ್ರೆ ಗರ್ಭನಿರೋಧಕದ ಶಕ್ತಿಯನ್ನು ಕುಂದಿಸುವುದಿಲ್ಲ. ಫ್ಲುಕೊನಝೋಲ್, ಇಟ್ರಾಕೊನಝೋಲ್ ಮಾಡುವುದು ತದ್ವಿರುದ್ಧ ಕೆಲಸ. ಅವು ಯಕೃತ್ತಿನ ಕಿಣ್ವಗಳನ್ನು ನಿಧಾನಗೊಳಿಸುತ್ತವೆ, ಹಾರ್ಮೋನು ತುಸು ಹೆಚ್ಚೇ ಉಳಿಯುತ್ತದೆ. ಕೆಲವರಿಗೆ ಓಕರಿಕೆ, ತಲೆನೋವು, ಎದೆಯಲ್ಲಿ ನೋವು ಕಾಣಿಸಬಹುದು. ಆದರೆ ಇಟ್ರಾಕೊನಝೋಲ್ ನುಂಗುವಾಗ ಗರ್ಭ ನಿಲ್ಲಬಾರದು. 'ಫಂಗಸ್ ಮಾತ್ರೆಯಿದ್ದಾಗ ಅದು ಕೆಲಸ ಮಾಡುವುದಿಲ್ಲವಂತೆ' ಎಂದು ನೆರೆಮನೆಯವರ ಮಾತು ಕೇಳಿ ಗರ್ಭನಿರೋಧಕವನ್ನೇ ಬಿಟ್ಟುಬಿಡುವವರು ಬಾವಿಯನ್ನು ತಾವೇ ತೋಡಿಕೊಂಡಂತೆ. ಔಷಧಿಯಿಂದ ವಾಂತಿ ಅಥವಾ ಭೇದಿಯಾದರೆ ಮಾತ್ರ ಜಾಗ್ರತೆ ಬೇಕು, ಮಾತ್ರೆ ದೇಹ ಸೇರದೆ ಹೋಗಬಹುದು.

ಕ್ಷಯದ ಚಿಕಿತ್ಸೆಯಲ್ಲಿರುವ ರಿಫಾಂಪಿಸಿನ್ ಈ ವಿಷಯದಲ್ಲಿ ಗ್ರಿಸಿಯೋಫಲ್ವಿನ್‌ಗಿಂತಲೂ ಬಲಶಾಲಿ. ಆ ಚಿಕಿತ್ಸೆ ಆರು ತಿಂಗಳು ನಡೆಯುವುದರಿಂದ ಗರ್ಭನಿರೋಧಕ ಮಾತ್ರೆಯನ್ನೇ ನಂಬಿ ಕೂರಬಾರದು. ಇವೆರಡರಿಂದಲೂ ಕಾಪರ್-ಟಿಗೆ ಬಾಧಕವಿಲ್ಲ, ಸರಕಾರಿ ಆಸ್ಪತ್ರೆಯ ಅಂತರಾ ಚುಚ್ಚುಮದ್ದಿಗೂ ಇಲ್ಲ. ನಿರೋಧ್ ಬಳಸುವುದಾದರೆ ಒಂದು ಸಣ್ಣ ವಿಷಯ ಗೊತ್ತಿರಲಿ. ಒಳಗೆ ಇಡುವ ಕ್ಲೋಟ್ರಿಮಝೋಲ್, ಮೈಕೊನಝೋಲ್‌ನ ಮುಲಾಮು, ಮಾತ್ರೆಗಳು ರಬ್ಬರನ್ನು ದುರ್ಬಲಗೊಳಿಸಬಲ್ಲವು.

ಯುನಾನಿಯಲ್ಲಿ ಇಂಥ ತೊಂದರೆಯೇ ಇಲ್ಲ ಎಂದು ಬೀಗುವ ನನ್ನ ಸಹವೃತ್ತಿಯವರಿದ್ದಾರೆ. ನಾನು ಒಪ್ಪುವುದಿಲ್ಲ. ಮನಸ್ಸಿನ ಬೇಸರಕ್ಕೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯೂ ಗ್ರಿಸಿಯೋಫಲ್ವಿನ್‌ನಂತೆಯೇ ಗರ್ಭನಿರೋಧಕವನ್ನು ಸೋಲಿಸುತ್ತದೆ. ಗಿಡಮೂಲಿಕೆಯನ್ನೂ ಯಕೃತ್ತೇ ಅರಗಿಸಬೇಕು. ಹಾಗಾಗಿ ಹಕೀಮರ ಮುಂದೆಯೂ ಏನನ್ನೂ ಮುಚ್ಚಿಡಬೇಡಿ.

ಮುಚ್ಚಿಡುವ ಅಭ್ಯಾಸದ ಬಗ್ಗೆಯೇ ನನಗೆ ಹೆಚ್ಚು ತಕರಾರು. ಮಳೆಗಾಲದಲ್ಲಿ ನಮ್ಮ ಮನೆಗಳ ಒಳಉಡುಪು ಎಲ್ಲಿ ಒಣಗುತ್ತದೆ ನೋಡಿ. ಯಾರಿಗೂ ಕಾಣಬಾರದೆಂದು ಬಚ್ಚಲಿನ ಮೂಲೆಯಲ್ಲಿ, ಟವೆಲಿನ ಅಡಿಯಲ್ಲಿ. ಅರ್ಧ ಒಣಗಿದ್ದನ್ನೇ ತೊಡುತ್ತೇವೆ, ಅದರ ಮೇಲೆ ದಪ್ಪ ಬಟ್ಟೆ, ಬೆವರು. ಹುಳುಕಡ್ಡಿಗೆ ಇದಕ್ಕಿಂತ ಒಳ್ಳೆಯ ಮನೆ ಇನ್ನೇನು ಬೇಕು? ಆಮೇಲೆ ರೋಗವನ್ನೂ ಮುಚ್ಚಿಡುತ್ತೇವೆ. ಗಂಡನ ಟವೆಲನ್ನೇ ಬಳಸುತ್ತೇವೆ, ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಗೆ. ಹಯಾ ನಮ್ಮ ದೀನಿನ ಭಾಗ, ನಿಜ. ಆದರೆ ಚಿಕಿತ್ಸೆಯ ಮುಂದೆ ನಾಚಿಕೊಳ್ಳಬೇಕೆಂದು ದೀನ್ ಹೇಳಿಲ್ಲ. ಗರ್ಭ ತಡೆಯುವುದರ ಬಗೆಗಿನ ಮಸಲೆಯನ್ನು ಉಲಮಾಗಳಲ್ಲಿ ಕೇಳಿಕೊಳ್ಳಿ, ಅದು ನನ್ನ ಕ್ಷೇತ್ರವಲ್ಲ. ಮಾತ್ರೆ ನುಂಗುತ್ತಿದ್ದೀರಿ ಎಂದಾದ ಮೇಲೆ ವೈದ್ಯರಿಗೆ ಗೊತ್ತಿರಲೇಬೇಕು.

ಹೇಳಲು ಬಾಯಿ ಬಾರದಿದ್ದರೆ ಖಾಲಿ ಪೊಟ್ಟಣವನ್ನು ಪರ್ಸಿನಲ್ಲಿ ತಂದು ಮೇಜಿನ ಮೇಲೆ ಇಡಿ, ಸಾಕು. ಮಗನ ಮಾತ್ರೆ ಮಗನಿಗಿರಲಿ. ಶುರು ಮಾಡಿದ ಔಷಧಿಯನ್ನು ಈ ಲೇಖನ ಓದಿ ನೀವಾಗಿಯೇ ನಿಲ್ಲಿಸಲೂಬೇಡಿ, ಬರೆದುಕೊಟ್ಟವರನ್ನು ಕೇಳಿ.

ಈಗ ನಾನು ಹೆಣ್ಣುಮಕ್ಕಳನ್ನು ನೋಡುವಾಗ ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸುತ್ತೇನೆ. ಮೊನ್ನೆ ಒಬ್ಬ ಅತ್ತೆಗೆ ಸಿಟ್ಟು ಬಂತು, 'ನನಗೆ ಗೊತ್ತಿಲ್ಲದ್ದು ಇವಳಲ್ಲಿ ಏನಿದೆ?' ಎಂದರು. ಹೊರಗೆ ಕಳಿಸಿ ಬಾಗಿಲು ಹಾಕಿದೆ. ಸೊಸೆ ದುಪಟ್ಟಾದ ತುದಿಯ ಗಂಟು ಬಿಚ್ಚಿದಳು. ಒಳಗೆ ಮಾಲಾ-ಎನ್ ಪೊಟ್ಟಣವಿತ್ತು.