ಕುವಳಾಲನಾಡಿನ ಎರಡನೆಯ ಹೊಯ್ಸಳರು

ಹಳಗನ್ನಡದ ಶಾಸನವೊಂದನ್ನು ತರಗತಿಯಲ್ಲಿ ಓದಿಸುತ್ತಿದ್ದ ದಿನ ಪಕ್ಕದ ಕೊಠಡಿಯಲ್ಲಿ ಇತಿಹಾಸದ ಪಾಠ ನಡೆದಿತ್ತು. ಅಲೆಕ್ಸಾಂಡರನು ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ತೀರಿಕೊಂಡ ಮೇಲೆ ಅವನ ದಂಡನಾಯಕರು ರಾಜ್ಯವನ್ನು ಹರಿದು ಹಂಚಿಕೊಂಡ ಕಥೆ ಗೋಡೆಯಾಚೆಯಿಂದ ನಮಗೂ ಕೇಳಿಸುತ್ತಿತ್ತು. ಪಾಠ ಮುಗಿದ ಮೇಲೆ ನನ್ನ ವಿದ್ಯಾರ್ಥಿಗಳನ್ನು ಕೇಳಿದೆನು: ಸೆಲ್ಯೂಕಸನು ಯಾರು? ಹತ್ತು ಕೈಗಳು ಮೇಲೆದ್ದವು. ಹೊಯ್ಸಳ ರಾಮನಾಥನು ಯಾರು? ಒಂದು ಕೈಯೂ ಏಳಲಿಲ್ಲ. ಅವರಲ್ಲಿ ಮುಳಬಾಗಿಲಿನವರಿದ್ದರು, ಮಾಲೂರಿನವರಿದ್ದರು, ಶ್ರೀನಿವಾಸಪುರದಿಂದ ದಿನವೂ ಬಸ್ಸಿನಲ್ಲಿ ಬರುವವರಿದ್ದರು. ಅವರು ಓಡಾಡುವ ನೆಲವನ್ನು ಏಳು ಶತಮಾನಗಳಿಗೂ ಹಿಂದೆ ಆಳಿದವನು ಆ ರಾಮನಾಥನೇ.

ತಪ್ಪು ಹುಡುಗರದಲ್ಲ. ಹೊಯ್ಸಳರೆಂದೊಡನೆ ಬೇಲೂರು, ಹಳೇಬೀಡು, ಶಿಲಾಬಾಲಿಕೆಯರು. ಅಲ್ಲಿಗೆ ನಮ್ಮ ವರ್ಣನೆ ಮುಗಿಯುತ್ತದೆ. ಆ ರಾಜ್ಯ ಒಮ್ಮೆ ಎರಡಾಗಿತ್ತೆಂಬುದನ್ನು ಪಠ್ಯಪುಸ್ತಕ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಸೋಮೇಶ್ವರನು ದೋರಸಮುದ್ರವನ್ನು ಬಿಟ್ಟು ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿ ಹೆಚ್ಚಾಗಿ ನೆಲೆಸಿದ್ದವನು. 1254ರಲ್ಲಿ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ಬಿಜ್ಜಲರಾಣಿಯ ಮಗನಾದ ಮೂರನೆಯ ನರಸಿಂಹನಿಗೆ ದೋರಸಮುದ್ರವೂ ಹಳೆಯ ಕನ್ನಡ ಸೀಮೆಯೂ. ದೇವಲದೇವಿಯ ಮಗನಾದ ರಾಮನಾಥನಿಗೆ ಕಣ್ಣನೂರೂ ತಮಿಳು ಸೀಮೆಯೂ. ಕೋಲಾರದ ಪ್ರದೇಶ ಸೇರಿದ್ದು ರಾಮನಾಥನ ಕಡೆಗೆ. ಮುಂದೆ ಪಾಂಡ್ಯರ ಕೈ ಮೇಲಾಗಿ ಕಾವೇರಿಯ ದಡದಲ್ಲಿ ಕಾಲೂರಲಾಗದೆ ಅವನು ಈಗಿನ ಹೊಸೂರಿನ ಕಡೆಯ ಕುಂದಾಣಿಗೆ ಬಂದನು. ಕಳೆದುಕೊಂಡುದನ್ನು ಎಲ್ಲಿಂದಾದರೂ ತುಂಬಿಕೊಳ್ಳಬೇಕಲ್ಲ! ಸೋದರನ ರಾಜ್ಯದ ಮೇಲೆಯೇ ಕೈಯಿಟ್ಟನು. ನರಸಿಂಹನು ತೀರಿಕೊಂಡು 1292ರಲ್ಲಿ ಅವನ ಮಗ ಮೂರನೆಯ ಬಲ್ಲಾಳನು ಪಟ್ಟಕ್ಕೆ ಬಂದ. 1295ರಲ್ಲಿ ರಾಮನಾಥನೂ ಕಣ್ಮರೆಯಾದ. ಶತಮಾನ ಮುಗಿಯುವ ವೇಳೆಗೆ ಬಲ್ಲಾಳನು ಎರಡು ತುಂಡುಗಳನ್ನೂ ಮತ್ತೆ ಒಂದುಗೂಡಿಸಿದನು. ಸುಮಾರು ನಲವತ್ತೈದು ವರ್ಷಗಳ ಕಾಲ ಎರಡು ಹೊಯ್ಸಳ ರಾಜ್ಯಗಳಿದ್ದುವು, ನಾವು ಎರಡನೆಯದರಲ್ಲಿದ್ದೆವು.

ಗ್ರೀಕರ ಕಥೆ ಇದಕ್ಕಿಂತ ಕ್ರೂರ. ಅಲೆಕ್ಸಾಂಡರನ ಮಲಸೋದರನನ್ನು ಕೊಂದರು. ಅವನ ಎಳೆಯ ಮಗನನ್ನೂ ರಾಣಿ ರೊಕ್ಸಾನೆಯನ್ನೂ ಕಸ್ಸಾಂಡರನು ಕೊಲ್ಲಿಸಿದನು. ಸೆಲ್ಯೂಕಸನು ಚಂದ್ರಗುಪ್ತ ಮೌರ್ಯನಿಗೆ ಸಿಂಧೂ ಸೀಮೆಯ ನಾಡುಗಳನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದು, ಕ್ರಿ.ಪೂ. 301ರ ಇಪ್ಸಸ್ ಕಾಳಗದಲ್ಲಿ ಅವುಗಳ ಬಲದಿಂದ ಮುದುಕ ಆಂಟಿಗೋನಸನನ್ನು ಕೆಡವಿದನು. ಗೆದ್ದವರು ಊರುಗಳಿಗೆ ತಮ್ಮವರ ಹೆಸರಿಟ್ಟರು: ತಂದೆಯ ಹೆಸರಿನಲ್ಲಿ ಆಂಟಿಯೋಕ್, ಹೆಂಡತಿಯ ಹೆಸರಿನಲ್ಲಿ ಥೆಸಲೊನೀಕೆ. ಇದನ್ನೋದಿ ನಗುವ ಶ್ರೀನಿವಾಸಪುರದ ಹುಡುಗರಿಗೆ ನಾನು ನೆನಪಿಸುವುದುಂಟು: ಪಾಪನಪಲ್ಲಿಯಾಗಿದ್ದ ಅವರ ಊರಿಗೆ ದಿವಾನ್ ಪೂರ್ಣಯ್ಯನವರು ಇಟ್ಟದ್ದು ತಮ್ಮ ಮಗನ ಹೆಸರನ್ನೇ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಹೋಲಿಕೆ ಕಾಳಗಗಳದಲ್ಲ. ಕಾಳಗ ಮುಗಿದ ಮೇಲೆ ಅರಸನು ಏನು ಮಾಡುತ್ತಾನೆ? 1301ರಲ್ಲಿ ಬಲ್ಲಾಳನು ತಾನು ಮರಳಿ ಪಡೆದ ನಾಡುಗಳ ಮಠ, ದೇವಾಲಯಗಳ ಅಧಿಪತಿಗಳಿಗೆಲ್ಲ ಒಂದು ನಿರೂಪವನ್ನು ಕಳುಹಿಸಿದನು. ಕುಂದಾಣಿ ರಾಜ್ಯ, ಮುರಸುನಾಡು, ಕುವಳಾಲನಾಡು ಮೊದಲಾದವು ಅದರಲ್ಲಿ ಎಣಿಕೆಯಾಗಿವೆ. ಕುವಳಾಲವೆಂದರೆ ನಮ್ಮ ಕೋಲಾರ. ದೇವರ ಭೂಮಿಗಳ ಮೇಲಿನ ಹಲವು ತೆರಿಗೆಗಳನ್ನು ಬಿಟ್ಟಿದ್ದೇವೆ, ನಿಮ್ಮ ನಿಮ್ಮ ಹಳ್ಳಿಗಳನ್ನು ವಹಿಸಿಕೊಳ್ಳಿ, ಪೂಜೆ ನೈವೇದ್ಯ ಜೀರ್ಣೋದ್ಧಾರಗಳನ್ನು ನಡೆಸಿ ನಮಗೂ ರಾಜ್ಯಕ್ಕೂ ಏಳಿಗೆಯನ್ನು ಕೋರಿರಿ ಎಂಬುದು ಅದರ ಅಭಿಪ್ರಾಯ. ಕನ್ನಡದ ಅರಸನ ಈ ಮಾತು ನಮ್ಮ ಸೀಮೆಯ ಕಲ್ಲುಗಳ ಮೇಲೆ ಇರುವುದು ತಮಿಳಿನಲ್ಲಿ.

ಇದಕ್ಕೆ ಒಂದೂವರೆ ಸಾವಿರ ವರ್ಷ ಹಿಂದೆ, ಕ್ರಿ.ಪೂ. 196ರಲ್ಲಿ, ಈಜಿಪ್ಟಿನ ಪುರೋಹಿತರು ಐದನೆಯ ಟಾಲೆಮಿಯ ಉಪಕಾರಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ನಾಡಿನಲ್ಲಿ ದಂಗೆಯೆದ್ದಿದ್ದ ಕಾಲ. ಅರಸನು ದೇವಾಲಯಗಳ ತೆರಿಗೆಗಳನ್ನು ಮನ್ನಿಸಿದ್ದನು. ಆ ಕಲ್ಲೇ ಲೋಕಪ್ರಸಿದ್ಧವಾದ ರೊಸೆಟ್ಟಾ ಶಿಲೆ. ಅರಸರ ಮನೆಮಾತು ಗ್ರೀಕ್; ಆ ವಂಶದ ಕೊನೆಯವಳಾದ ಕ್ಲಿಯೋಪಾತ್ರಳಿಗೆ ಮುಂಚೆ ಆಳಿದವರು ಈಜಿಪ್ಟಿನ ಭಾಷೆಯನ್ನು ಕಲಿಯುವ ಗೋಜಿಗೇ ಹೋಗಲಿಲ್ಲವೆಂದು ಪ್ಲೂಟಾರ್ಕನು ಬರೆದಿದ್ದಾನೆ. ಹಾಗಿದ್ದೂ ಆ ಶಿಲೆಯಲ್ಲಿ ಗ್ರೀಕಿನ ಜೊತೆಗೆ ನಾಡಿನ ಎರಡು ಲಿಪಿಗಳಿವೆ. ಮಾತು ಮುಟ್ಟಬೇಕಾದವರು ಯಾರೋ, ಅವರ ಭಾಷೆಯಲ್ಲಿ ಕಲ್ಲು ನುಡಿಯಿತು.

ಬಲ್ಲಾಳನು ಮಾಡಿದುದೂ ಅದನ್ನೇ. ಹನ್ನೊಂದನೆಯ ಶತಮಾನದಲ್ಲಿ ಚೋಳರು ಇಲ್ಲಿ ನೆಲೆಯೂರಿ ಈ ಸೀಮೆಗೆ ನಿಗರಿಲಿ ಚೋಳಮಂಡಲವೆಂದು ಹೆಸರಿಟ್ಟಂದಿನಿಂದ ದೇವಾಲಯದ ಲೆಕ್ಕಪತ್ರ ತಮಿಳಿನಲ್ಲಿ ನಡೆದುಬಂದಿತ್ತು. ಕೋಲಾರಮ್ಮನ ಗುಡಿಯ ರಾಜೇಂದ್ರಚೋಳನ ಶಾಸನಗಳನ್ನು ನೋಡಿದವರಿಗೆ ಇದು ತಿಳಿದ ವಿಷಯ. ವಿಷ್ಣುವರ್ಧನನು ಚೋಳರನ್ನು ಓಡಿಸಿದನು, ಲೆಕ್ಕದ ಭಾಷೆಯನ್ನು ಓಡಿಸಲಿಲ್ಲ.

ಇದರಿಂದ ನಮಗೆ ಸಂಕೋಚವೇಕೆ? ಸಂಕೋಚವಿರುವುದು ನಿಜ. ನಮ್ಮ ಗುಡಿಯ ಗೋಡೆಯ ಅಕ್ಷರ ಕನ್ನಡವಲ್ಲವೆಂದು ಕಂಡೊಡನೆ ಕನ್ನಡದ ಅಧ್ಯಾಪಕರು ಮುಖ ತಿರುಗಿಸುತ್ತೇವೆ. ಅದು ಬೇರೆಯವರ ಆಸ್ತಿಯೆಂಬ ಭಾವನೆ. ಅತ್ತ ಈಜಿಪ್ಟಿನ ಮರಳಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ನಾಲ್ಕಾರು ಕನ್ನಡ ನುಡಿಗಳಿವೆಯೆಂದು ಹುಲ್ಟ್ಷ್ ಅವರೂ ಶಾಮಾಶಾಸ್ತ್ರಿಗಳೂ ಸೂಚಿಸಿದುದನ್ನು ಎಷ್ಟು ಉತ್ಸಾಹದಿಂದ ಬೋಧಿಸುತ್ತೇವೆ! ನಾನೂ ಬೋಧಿಸಿದ್ದೇನೆ. ನೈಲ್ ನದಿಯ ದಡದ ಅನುಮಾನದ ಕನ್ನಡಕ್ಕೆ ಒಂದು ಗಂಟೆ. ನಮ್ಮೂರ ಗುಡಿಯಲ್ಲಿರುವ ನಿಸ್ಸಂದೇಹದ ಹೊಯ್ಸಳ ಶಾಸನಕ್ಕೆ ಒಂದು ನಿಮಿಷವೂ ಇಲ್ಲ.

ಆದುದರಿಂದ ನನ್ನ ಸಲಹೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಈ ಜಿಲ್ಲೆಯಲ್ಲಿ ಕನ್ನಡ ಎಂ.ಎ. ಓದುವವರು ತಮಿಳು ಲಿಪಿಯನ್ನೂ ಗ್ರಂಥ ಲಿಪಿಯನ್ನೂ ಕಲಿಯಬೇಕು. ಗಡಿನಾಡಿನಲ್ಲಿ ಕನ್ನಡಕ್ಕೇ ಎಡೆ ಸಾಲದಿರುವಾಗ ಇದೆಂಥ ಔದಾರ್ಯವೆಂದು ಸ್ನೇಹಿತರೊಬ್ಬರು ಕೇಳಿದರು. ಅವರ ಆತಂಕ ಸುಳ್ಳಲ್ಲ. ಆದರೆ ಔದಾರ್ಯದ ಮಾತನ್ನು ನಾನು ಆಡುತ್ತಿಲ್ಲ. ಬಲ್ಲಾಳನು ತಮಿಳಿನಲ್ಲಿ ಬರೆಯಿಸಿದ್ದು ನಾಡನ್ನು ಬಿಟ್ಟುಕೊಡುವುದಕ್ಕಲ್ಲ, ವಹಿಸಿಕೊಳ್ಳುವುದಕ್ಕೆ. ಓದಲಾರದವರು ಏನನ್ನು ವಹಿಸಿಕೊಂಡಾರು? ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಕದ ಹತ್ತನೆಯ ಸಂಪುಟವಾಗಿ 1905ರಲ್ಲಿಯೇ ಅಚ್ಚು ಹಾಕಿಸಿದರು. ಅದರ ತಮಿಳು ಭಾಗದ ಪುಟಗಳನ್ನು ನಮ್ಮವರು ತಿರುವಿ ಹಾಕುತ್ತಾರೆಯೇ ಹೊರತು ಓದುವುದಿಲ್ಲ.

ಮೊನ್ನೆ ಇದನ್ನೆಲ್ಲ ತರಗತಿಯಲ್ಲಿ ಹೇಳಿ ಹೊರಟಾಗ, ಮುಳಬಾಗಿಲಿನಿಂದ ಬರುವ ಇಬ್ಬರು ಹುಡುಗಿಯರು ಬಾಗಿಲಲ್ಲಿ ತಡೆದು, ಆ ಲಿಪಿ ಕಲಿಯಲು ಎಷ್ಟು ದಿನ ಬೇಕೆಂದು ಕೇಳಿದರು. ಕನ್ನಡದ ಅಕ್ಷರ ಬಲ್ಲವರಿಗೆ ಹದಿನೈದು ದಿನ ಸಾಕೆಂದೆನು. ನನಗೆ ಮೂರು ತಿಂಗಳು ಹಿಡಿಯಿತೆಂಬುದನ್ನು ಹೇಳಲಿಲ್ಲ.