ಕಣ್ಣಿದ್ದರೆ ಸಾಲದು, ನೋಟವೂ ಬೇಕು

ಹಲಗೆಯ ಮೇಲಿನ ‘ಧನ’ವನ್ನು ‘ದನ’ ಎಂದು ಬರೆದುಕೊಂಡ ಮಗುವಿಗೆ ‘ಗಮನವಿಲ್ಲ’ ಎಂಬ ಬೈಗುಳ ತಪ್ಪದು. ಆದರೆ ತಪ್ಪು ಯಾವಾಗಲೂ ಗಮನದ್ದಲ್ಲ. ಕಣ್ಣು ಕಂಡದ್ದನ್ನು ಮಿದುಳು ವಿಂಗಡಿಸಿ, ನೆನಪಿನೊಡನೆ ಹೋಲಿಸಿ ಅರ್ಥ ಮಾಡಿಕೊಳ್ಳಬೇಕು. ಇದೇ ದೃಶ್ಯಗ್ರಹಣ.

ಇದರ ಅಭ್ಯಾಸಕ್ಕೆ ಗೆಂಡೆಹಳ್ಳಿಯ ಮಕ್ಕಳು ದೂರ ಹೋಗಬೇಕಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿನ ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯಲ್ಲಿ ಹಣ್ಣಿನ ಮೇಲೊಂದು ನೊಣ, ಅದಕ್ಕೆ ಹೊಂಚುವ ಹಲ್ಲಿ. ಎಲೆಗಳ ನಡುವೆ ಅದನ್ನು ಗುರುತಿಸುವುದು ಒಂದು ಕೌಶಲ. ಹಳೇಬೀಡಿನ ಆನೆಸಾಲಿನಲ್ಲಿ ಎರಡು ಆನೆಗಳ ವ್ಯತ್ಯಾಸ ಹುಡುಕುವುದು ಇನ್ನೊಂದು. ಮುರಿದ ಶಿಲ್ಪದ ಇಲ್ಲದ ಕೈಯನ್ನು ಊಹಿಸುವುದು ಮತ್ತೊಂದು. ಮನೆಗೆ ಬಂದು ನೆನಪಿನಿಂದ ಚಿತ್ರ ಬರೆದರೆ ದೃಶ್ಯಸ್ಮರಣೆಗೂ ಕೆಲಸ.

ಮನೆಯಲ್ಲಿ ತಟ್ಟೆಯೊಂದರಲ್ಲಿ ಹತ್ತು ವಸ್ತುಗಳನ್ನಿಟ್ಟು ಅರ್ಧ ನಿಮಿಷ ತೋರಿಸಿ, ಬಟ್ಟೆ ಮುಚ್ಚಿ ಹೆಸರು ಹೇಳಿಸಿ. ಚುಕ್ಕಿ ರಂಗೋಲಿಯನ್ನು ಒಮ್ಮೆ ನೋಡಿ, ಆಮೇಲೆ ನೋಡದೆ ಹಾಕಿಸಿ. ಅಜ್ಜ, ಅಜ್ಜಿಯರೂ ಜೊತೆಗೂಡಲಿ. ಅಭ್ಯಾಸಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಅಕ್ಷರಕ್ಕೂ ಇದೇ ಕ್ರಮ: ದ, ಧ ಎರಡನ್ನೂ ಪಕ್ಕಪಕ್ಕ ಬರೆದು, ಉಚ್ಚರಿಸಿ, ಅಡಿಯ ಪುಟ್ಟ ಗೀಟನ್ನು ಮಗುವೇ ಕಂಡುಹಿಡಿಯಲಿ.

ಆದರೆ ಎಲ್ಲಕ್ಕೂ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು. ಕನ್ನಡಕ ಬೇಕಾದ ಮಗುವಿಗೆ ಆಟದಿಂದ ಹಲಗೆ ಕಾಣದು. ಕಣ್ಣು ಸರಿಯಿದ್ದೂ ಓದು ಬರಹ ತೊಡಕಾಗುತ್ತಲೇ ಇದ್ದರೆ ಈ ಆಟಗಳು ಅದಕ್ಕೆ ಮದ್ದಲ್ಲ. ಅಕ್ಷರಕ್ಕೂ ಧ್ವನಿಗೂ ನಂಟು ಕಟ್ಟುವಲ್ಲಿ ಕಷ್ಟವಿರಬಹುದು; ಕಲಿಕಾ ತಜ್ಞರಿಗೆ ತೋರಿಸಬೇಕು. ಬೈಗುಳವಂತೂ ಯಾವುದಕ್ಕೂ ಮದ್ದಲ್ಲ.